ಮಕಿವಾರ

ಮಕಿವಾರ ಎಂಬುದು ಕರಾಟೆಯಲ್ಲಿ ಗುದ್ದಿನ ಅಭ್ಯಾಸಕ್ಕೆ ಬಳಸುವ ಮರದ ಕಂಬ. ಇದು ಜಪಾನಿನ ಒಕಿನಾವಾ ದ್ವೀಪದ ಕರಾಟೆ ಪರಂಪರೆಗೆ ಸೇರಿದೆ. ಜಪಾನಿ ಭಾಷೆಯಲ್ಲಿ ಈ ಪದಕ್ಕೆ ‘ಸುತ್ತಿದ ಹುಲ್ಲು’ ಎಂದರ್ಥ.

ರಚನೆ

ಕಂಬದ ಬುಡವನ್ನು ನೆಲದಲ್ಲಿ ಹೂಳಲಾಗುತ್ತದೆ. ಮೇಲಕ್ಕೆ ಹೋದಂತೆ ಕಂಬ ತೆಳುವಾಗುವುದರಿಂದ ಏಟು ಬಿದ್ದಾಗ ಹಿಂದಕ್ಕೆ ಬಾಗಿ ಮರಳುತ್ತದೆ. ಎದೆಯ ಮಟ್ಟದಲ್ಲಿ ಭತ್ತದ ಹುಲ್ಲಿನ ಹಗ್ಗವನ್ನು ಸುತ್ತುವುದು ಸಾಂಪ್ರದಾಯಿಕ ಕ್ರಮ. ಈಗ ಚರ್ಮದ ಮೆತ್ತೆಯೂ ಬಳಕೆಯಲ್ಲಿದೆ.

ಅಭ್ಯಾಸ

ಮಣಿಕಟ್ಟನ್ನು ನೇರವಾಗಿರಿಸಿ, ತೋರುಬೆರಳು ಮತ್ತು ನಡುಬೆರಳುಗಳ ಬುಡದ ಗೆಣ್ಣುಗಳಿಂದ ಗುದ್ದಲಾಗುತ್ತದೆ. ಏಟಿನ ಭಾರ ಕಿರುಬೆರಳಿನ ಗೆಣ್ಣಿನ ಮೇಲೆ ಬಿದ್ದರೆ ಅದರ ಹಿಂದಿನ ಅಂಗೈ ಮೂಳೆ ಮುರಿಯಬಹುದು. ಇದನ್ನು ‘ಬಾಕ್ಸರ್ ಮುರಿತ’ ಎನ್ನುತ್ತಾರೆ.

ಗಟ್ಟಿಗೊಳಿಸುವಿಕೆ ಮತ್ತು ಅಪಾಯ

ಮೂಳೆಯು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ರಚನೆಯನ್ನು ಬದಲಿಸಿಕೊಳ್ಳುತ್ತದೆ ಎಂಬ ನಿಯಮವನ್ನು ಜರ್ಮನ್ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ಪ್ರಕಟಿಸಿದರು. ಈ ಬದಲಾವಣೆ ನಿಧಾನವಾದುದು. ಚರ್ಮ ಅದಕ್ಕಿಂತ ಬೇಗ ಜಡ್ಡುಗಟ್ಟುತ್ತದೆ. ಆದುದರಿಂದ ಜಡ್ಡು ಗಟ್ಟಿ ಮೂಳೆಯ ಗುರುತಲ್ಲ. ಕೀಲುಗಳ ಮೃದ್ವಸ್ಥಿಗೆ ಹಾನಿಯಾದರೆ ಅದು ಸುಲಭವಾಗಿ ಗುಣವಾಗುವುದಿಲ್ಲ. ಮಕ್ಕಳಲ್ಲಿ ಮೂಳೆಯ ಬೆಳೆಯುವ ಭಾಗವೇ ಘಾಸಿಗೊಳ್ಳಬಹುದು. ಊತ ಅಥವಾ ಕೀಲುನೋವು ಇರುವಾಗ ಅಭ್ಯಾಸ ಮುಂದುವರಿಸುವುದು ಗಾಯವನ್ನು ಹೆಚ್ಚಿಸುತ್ತದೆ.

ಕೈಗವಸಿನೊಂದಿಗೆ ಹೋಲಿಕೆ

ಬಾಕ್ಸಿಂಗ್ ಕ್ರೀಡೆಯು ಕೈಯನ್ನು ಗಟ್ಟಿಗೊಳಿಸುವ ಬದಲು ಮುಚ್ಚಿ ಕಾಯುವ ದಾರಿಯನ್ನು ಹಿಡಿಯಿತು. 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳು ಕೈಗವಸನ್ನು ವಿಧಿಸಿದವು. ಕೈಗವಸು ಮತ್ತು ಅದರೊಳಗಿನ ಬಟ್ಟೆಪಟ್ಟಿ ಗೆಣ್ಣು, ಮಣಿಕಟ್ಟುಗಳಿಗೆ ಆಸರೆಯಾಗುತ್ತವೆ. ಆದರೆ ಮುಷ್ಟಿಯ ಸಣ್ಣ ದೋಷಗಳನ್ನು ಮರೆಮಾಡುತ್ತವೆ. ಮಕಿವಾರದಲ್ಲಿ ಆ ದೋಷ ಕೂಡಲೇ ಅರಿವಿಗೆ ಬರುತ್ತದೆ. ಕೈಯನ್ನು ಕಲ್ಲಾಗಿಸುವುದಕ್ಕಿಂತ ಮುಷ್ಟಿಯನ್ನು ನೇರಗೊಳಿಸುವುದೇ ಅದರ ಮುಖ್ಯ ಪ್ರಯೋಜನ.