ಪೆಡಲ್‌ಬೋರ್ಡ್

ಎಲೆಕ್ಟ್ರಿಕ್ ಗಿಟಾರಿನ ನಾದವನ್ನು ಮಾರ್ಪಡಿಸುವ ಎಫೆಕ್ಟ್ ಪೆಡಲ್‌ಗಳನ್ನು ವಿದ್ಯುತ್ ಪೂರೈಕೆ ಹಾಗೂ ಕೇಬಲ್‌ಗಳ ಸಮೇತ ಜೋಡಿಸಿಡುವ ಹಲಗೆ ಅಥವಾ ಚೌಕಟ್ಟು. ಇದನ್ನು ಸಾಮಾನ್ಯವಾಗಿ ಅಳತೆ ನೋಡಿ ಆರಿಸುತ್ತಾರೆ. ಆದರೆ ಮೊದಲು ಲೆಕ್ಕ ಹಾಕಬೇಕಾದದ್ದು ವಿದ್ಯುತ್ತನ್ನು. 1977ರಲ್ಲಿ ಬಂದ ಬಾಸ್ ಕಂಪನಿಯ ಕಾಂಪ್ಯಾಕ್ಟ್ ಪೆಡಲ್‌ಗಳ ಅಗಲ ಸುಮಾರು 73 ಮಿ.ಮೀ.; ಅಂಥ ಐದು ಪೆಡಲ್‌ಗಳಿಗೆ, ನಡುವಿನ ಪ್ಲಗ್‌ಗಳಿಗೆ ಜಾಗ ಬಿಟ್ಟರೂ, ಅರ್ಧ ಮೀಟರ್ ಹಲಗೆ ಸಾಕು. ವಿದ್ಯುತ್ತಿನ ಲೆಕ್ಕ ಇಷ್ಟು ಸರಳವಲ್ಲ. ಬಹುತೇಕ ಪೆಡಲ್‌ಗಳು 9 ವೋಲ್ಟ್ ಡಿಸಿಯಲ್ಲೇ ನಡೆದರೂ, ಅನಲಾಗ್ ಓವರ್‌ಡ್ರೈವ್‌ಗೆ ಕೆಲವೇ ಮಿಲಿಆಂಪಿಯರ್ ಸಾಕಾದರೆ ಡಿಜಿಟಲ್ ರಿವರ್ಬ್ ನೂರಾರು ಮಿಲಿಆಂಪಿಯರ್ ಬೇಡಬಹುದು. ಎರಡನ್ನೂ ಒಂದೇ ಅಡಾಪ್ಟರಿನಿಂದ ಕವಲೊಡೆದ ತಂತಿಗೆ ಸಿಕ್ಕಿಸಿದರೆ ಡಿಜಿಟಲ್ ಮಂಡಲದ ಸದ್ದು ಸಂಕೇತದೊಳಗೆ ನುಸುಳುವ ಸಂಭವವಿದೆ.

ಇದನ್ನು ತಪ್ಪಿಸಲು ಪ್ರತಿ ಪೆಡಲ್‌ಗೂ ಬೇರೆಯಾಗಿ ವಿದ್ಯುತ್ ಕೊಡುವ, ಪ್ರತ್ಯೇಕಿತ ಔಟ್‌ಪುಟ್‌ಗಳ ಪವರ್ ಸಪ್ಲೈ ಬೇಕು; ಅದು ದುಬಾರಿಯೆಂಬ ಆಕ್ಷೇಪವಿದೆ. ಎರಡು ಮೂರು ಅನಲಾಗ್ ಪೆಡಲ್‌ಗಳಷ್ಟೇ ಇದ್ದರೆ ಆ ಮಾತು ಒಪ್ಪತಕ್ಕದ್ದೇ. ಸಂಖ್ಯೆ ಬೆಳೆದಾಗ ಮಾತ್ರ ಉಳಿತಾಯವನ್ನು ಚೌಕಟ್ಟಿನಲ್ಲಿ ಮಾಡುವುದು ಲೇಸು: ಗಟ್ಟಿ ಪ್ಲೈವುಡ್ ಹಲಗೆ, ವೆಲ್ಕ್ರೊ ಪಟ್ಟಿ ಮತ್ತು ರಬ್ಬರ್ ಪಾದಗಳಿಂದ ಮನೆಯಲ್ಲೇ ಮಾಡಿದ ಬೋರ್ಡು ನಾದವನ್ನು ಕೆಡಿಸದು. ಸದಾ ಸಾಗಿಸುವವರಿಗೆ ಹಗುರವಾದ ಅಲ್ಯುಮಿನಿಯಂ ಚೌಕಟ್ಟು ಅನುಕೂಲ. ಅದು ಕೊಡುವುದು ಸೌಕರ್ಯವನ್ನೇ ಹೊರತು ಶುದ್ಧ ನಾದವನ್ನಲ್ಲ.