ಕೆಂಪಗೆ ಕಾದ ತಂತಿಯ ವಂಶಾವಳಿ

ಬ್ಯಾಡಗಿಯಲ್ಲಿ ಖಾರದ ಪುಡಿಯ ಪಾಕೀಟಾಗಲಿ, ರಾಣೆಬೆನ್ನೂರಿನಲ್ಲಿ ಬೀಜದ ಪಾಕೀಟಾಗಲಿ, ಹಾವೇರಿಯ ಬೇಕರಿಯ ಖಾರಾಬೂಂದಿಯಾಗಲಿ, ಸಣ್ಣ ಅಂಗಡಿಯಲ್ಲಿ ಅವುಗಳ ಬಾಯಿ ಮುಚ್ಚುವುದು ಸಾಮಾನ್ಯವಾಗಿ ಒಂದೇ ಬಗೆಯ ತಂತಿ. ಮೇಜಿನ ಮೇಲಿನ ಸೀಲಿಂಗ್ ಮಷಿನ್ನಿನ ಹಿಡಿಕೆ ಒತ್ತಿದ ಕೂಡಲೇ ಟೆಫ್ಲಾನ್ ಬಟ್ಟೆಯ ಕೆಳಗಿನ ಚಪ್ಪಟೆ ನೈಕ್ರೋಮ್ ಪಟ್ಟಿಯಲ್ಲಿ ಕ್ಷಣಹೊತ್ತು ಕರೆಂಟ್ ಹರಿಯುತ್ತದೆ, ಪ್ಲಾಸ್ಟಿಕ್ ಕರಗಿ ಅಂಟುತ್ತದೆ, ಪಟ್ಟಿ ಮತ್ತೆ ತಣ್ಣಗಾಗುತ್ತದೆ. ಒಳಗಿನ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸಿ ಕರೆಂಟನ್ನು ಏರಿಸಿರುತ್ತದೆ. ಪಟ್ಟಿ ಸುಟ್ಟುಹೋದರೆ ಹೊಸದನ್ನು ಕತ್ತರಿಸಿ ಸ್ಪ್ರಿಂಗಿಗೆ ಸಿಕ್ಕಿಸಿದರಾಯಿತು.

ಕಡಿಮೆ ವೋಲ್ಟೇಜು, ಹೆಚ್ಚು ಕರೆಂಟು, ಒಂದೆರಡು ಸೆಕೆಂಡಿನ ಬಿಸಿ, ಕೆಟ್ಟರೆ ಕೈಯಿಂದಲೇ ಬದಲಿಸಬಹುದಾದ ತಂತಿ. ಇದೇ ಏರ್ಪಾಡನ್ನು ಬೆರಳುದ್ದಕ್ಕೆ ಇಳಿಸಿ, ತಂತಿಗೆ ಹತ್ತಿಯ ಬತ್ತಿ ಹಾಕಿ, ಸಿಹಿ ದ್ರವದಲ್ಲಿ ತೋಯಿಸಿ ತುಟಿಗೆ ಹಿಡಿದರೆ ಅದು ವೇಪ್, ಅಂದರೆ ಇ-ಸಿಗರೇಟು. ಭಾರತದಲ್ಲಿ 2019ರಿಂದ ಅದಕ್ಕೆ ನಿಷೇಧವಿದೆ. ಹಾಗಾಗಿ ಈ ಮೂರು ಊರುಗಳಲ್ಲಿ ವೇಪ್ ಕಾಯಿಲಿನ ಪೇಟೆಯನ್ನು ಹುಡುಕುವ ಅರ್ಥವಿಲ್ಲ. ಅದರ ಒಡಹುಟ್ಟುಗಳು ಮಾತ್ರ ಇಲ್ಲಿನ ಎಲ್ಲ ರಿಪೇರಿ ಅಂಗಡಿಗಳಲ್ಲೂ ಇವೆ. ಬೇರೆ ದೇಶಗಳ ಹವ್ಯಾಸಿಗಳು 2010ರ ದಶಕದಲ್ಲಿ ಚಿತ್ರವಿಚಿತ್ರ ಕಾಯಿಲ್ ಸುತ್ತಿ ಕಂಡುಕೊಂಡ ನಿಯಮಗಳಲ್ಲಿ ಬಹುಪಾಲು ಈ ಅಂಗಡಿಗಳಿಗೆ ಹಳೆಯವು. ಹೊಸತಾಗಿದ್ದದ್ದು ತಂತಿಯ ಆಚೆ ತುದಿಯಲ್ಲಿ ಪ್ಲಾಸ್ಟಿಕ್ಕಿನ ಬದಲು ಮನುಷ್ಯನ ಶ್ವಾಸಕೋಶ ಇದ್ದದ್ದು.

ಕರೆಂಟು ಹರಿದಾಗ ತಂತಿ ಎಷ್ಟು ಬಿಸಿಯಾಗುತ್ತದೆ ಎಂಬ ಲೆಕ್ಕವನ್ನು ಇಂಗ್ಲೆಂಡಿನ ಜೇಮ್ಸ್ ಜೂಲ್ 1841ರಲ್ಲೇ ಕೊಟ್ಟಿದ್ದ. ಲೆಕ್ಕ ಇತ್ತು, ತಾಳುವ ತಂತಿ ಇರಲಿಲ್ಲ. ಕಬ್ಬಿಣ ತುಕ್ಕಾಗಿ ಉದುರುತ್ತಿತ್ತು, ಪ್ಲಾಟಿನಂ ಕೈಗೆಟುಕುತ್ತಿರಲಿಲ್ಲ. ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿ 1906ರಲ್ಲಿ ಪೇಟೆಂಟ್ ಪಡೆದ. ನೂರಕ್ಕೆ 80 ಪಾಲು ನಿಕ್ಕಲ್, 20 ಪಾಲು ಕ್ರೋಮಿಯಂ ಇರುವ ಈ ಮಿಶ್ರಲೋಹ ಕೆಂಪಗೆ ಕಾದಾಗ ಮೈಮೇಲೆ ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ, ಆ ಪದರವೇ ಒಳಗಿನ ಲೋಹವನ್ನು ಕಾಪಾಡುತ್ತದೆ. ಟೋಸ್ಟರು, ಇಸ್ತ್ರಿಪೆಟ್ಟಿಗೆ, ಕರೆಂಟ್ ಒಲೆ ಎಲ್ಲವೂ ಮನೆಮನೆಗೆ ಹರಡಿದ್ದು ಇದರ ಬೆನ್ನ ಹಿಂದೆ. ಸ್ವೀಡನ್ನಿನ ಹಾನ್ಸ್ ಫಾನ್ ಕಾಂಟ್ಸೋ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆಸಿದ ಇನ್ನೊಂದು ಬಗೆಯ ತಂತಿ ಕಂಡುಹಿಡಿದ. 1931ರಲ್ಲಿ ಅದಕ್ಕಾಗಿಯೇ ಕಾಂಥಾಲ್ ಕಂಪನಿ ಶುರುವಾಯಿತು. ನೈಕ್ರೋಮಿಗಿಂತ ಹೆಚ್ಚು ಬಿಸಿ ತಾಳುವ, ಅಗ್ಗವಾದ ತಂತಿ ಇದು. ದೋಷ ಒಂದೇ: ಒಮ್ಮೆ ಚೆನ್ನಾಗಿ ಕಾದ ಮೇಲೆ ಬಗ್ಗಿಸಹೋದರೆ ಪಟ್ಟನೆ ಮುರಿಯುತ್ತದೆ. ನೈಕ್ರೋಮ್ ಬಗ್ಗುತ್ತದೆ. ಒಲೆಯ ಕಾಯಿಲ್ ತುಂಡಾದಾಗ ಎರಡೂ ತುದಿ ಎಳೆದು ಹೆಣೆದು ಮತ್ತೆ ಉರಿಸಲು ಸಾಧ್ಯವಾಗುತ್ತಿದ್ದದ್ದು ಅದರ ಈ ಗುಣದಿಂದಲೇ.

ಆ ಒಲೆಯ ಲೆಕ್ಕ ಇಲ್ಲಿ ತುಸು ಬೇಕು. 230 ವೋಲ್ಟಿನಲ್ಲಿ 2000 ವ್ಯಾಟ್ ಕೊಡುವ ಕಾಯಿಲಿನ ರೋಧ ಸುಮಾರು 26 ಓಮ್, ಅದರಲ್ಲಿ ಹರಿಯುವ ಕರೆಂಟು 8.7 ಆಂಪಿಯರ್. ಸುಟ್ಟ ಭಾಗ ಕತ್ತರಿಸಿ ತೆಗೆದು ಮುಕ್ಕಾಲು ಕಾಯಿಲನ್ನೇ ಜೋಡಿಸಿದರೆ ಒಲೆಯ ಉರಿ ಕಡಿಮೆಯಾಗುವುದಿಲ್ಲ, 2,600 ವ್ಯಾಟ್ ದಾಟುತ್ತದೆ. ತಂತಿ ಗಿಡ್ಡವಾದಷ್ಟೂ ಕರೆಂಟು ನುಗ್ಗುವುದು ಹೆಚ್ಚು. ವೈರಿಂಗ್ ಸುಟ್ಟ ಮನೆಗಳು ಈ ಪಾಠವನ್ನು ದುಬಾರಿಯಾಗಿ ಕಲಿತಿವೆ. ಈಗ ವೇಪಿನ ಕಡೆ ನೋಡಿ: ಪೂರ್ತಿ ಚಾರ್ಜಾದ ಒಂದು ಲಿಥಿಯಂ ಸೆಲ್ಲಿನ 4.2 ವೋಲ್ಟಿಗೆ ಅರ್ಧ ಓಮಿನ ಕಾಯಿಲ್ ಕೂರಿಸಿದರೆ ಹರಿಯುವುದು 8.4 ಆಂಪಿಯರ್. ಅನ್ನ ಬೇಯಿಸುವ ಒಲೆಯೂ ಜೇಬಿನ ವೇಪೂ ಹೆಚ್ಚುಕಡಿಮೆ ಒಂದೇ ಕರೆಂಟು ಎಳೆಯುತ್ತವೆ. ಶಕ್ತಿ ಮಾತ್ರ ಒಂದು ಕಡೆ 2000 ವ್ಯಾಟ್, ಇನ್ನೊಂದು ಕಡೆ 35.

ಇ-ಸಿಗರೇಟಿನ ಹುಟ್ಟನ್ನು ಬೇಗ ಹೇಳಿ ಮುಗಿಸಬಹುದು. ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಹೊಗೆಯಿಲ್ಲದ, ತಂಬಾಕಿಲ್ಲದ ಸಿಗರೇಟಿಗೆ 1965ರಲ್ಲಿ ಪೇಟೆಂಟ್ ಪಡೆದ, ಕೊಳ್ಳುವವರು ಸಿಗಲಿಲ್ಲ. ಚೀನಾದ ಔಷಧತಜ್ಞ ಹೋನ್ ಲಿಕ್ 2003ರಲ್ಲಿ ಮಾಡಿದ ಯಂತ್ರ ಮಾರುಕಟ್ಟೆ ಹಿಡಿಯಿತು. ದ್ರವವನ್ನು ಆವಿ ಮಾಡಲು ಅವನ ಮೊದಲ ಕಲ್ಪನೆ ಕಾಯಿಲ್ ಆಗಿರಲಿಲ್ಲ, ಕಂಪಿಸುವ ಪೀಜೋ ಹರಳಾಗಿತ್ತು. ಅಗ್ಗದ, ಸರಳವಾದ ಕಾಯುವ ತಂತಿ ಬೇಗನೇ ಅದರ ಜಾಗ ಹಿಡಿಯಿತು.

ಕಂಪನಿಯ ಕಾಯಿಲ್ ಮೊಹರು ಹಾಕಿದ ಡಬ್ಬಿಯೊಳಗಿರುತ್ತಿತ್ತು. ಕೆಲವೇ ದಿನಗಳಲ್ಲಿ ಅದರ ಮೇಲೆ ಸಕ್ಕರೆ ಕರಕಲು ಕಟ್ಟಿ ಸುಟ್ಟ ರುಚಿ ಬರುತ್ತಿತ್ತು. ತಾವೇ ಬಿಚ್ಚಿ ಸುತ್ತಿಕೊಂಡರೇನು ಎಂದು ಹವ್ಯಾಸಿಗಳಿಗೆ ಅನ್ನಿಸಿತು. 2010ರ ಆಸುಪಾಸಿನಲ್ಲಿ ಮರುಕಟ್ಟಬಹುದಾದ ಅಟೊಮೈಸರುಗಳು ಬಂದವು. ಎರಡು ಕಂಬ, ನಾಲ್ಕು ಸ್ಕ್ರೂ, ನಡುವೆ ತಂತಿ, ಇಷ್ಟೇ. ಮೊದಮೊದಲು ಎಲ್ಲರದೂ ಸಾದಾ ಕಾಯಿಲ್. 28 ಗೇಜಿನ ಕಾಂಥಾಲ್ ತಂತಿಯನ್ನು ಮೂರು ಮಿಲಿಮೀಟರ್ ಸರಳಿಗೆ ಏಳು ಸುತ್ತು ಸುತ್ತಿದರೆ ಸುಮಾರು 1.3 ಓಮ್ ಬರುತ್ತದೆ, ಅಷ್ಟೇ ನೈಕ್ರೋಮಿಗೆ ಒಂದು ಓಮ್. ಸುತ್ತುಗಳ ನಡುವೆ ಸಂದು ಬಿಡಬೇಕೋ ಒತ್ತಾಗಿ ಕೂರಿಸಬೇಕೋ ಎಂಬ ಜಗಳವೇ ಒಂದೆರಡು ವರ್ಷ ನಡೆಯಿತು.

ಆಮೇಲೆ ಆಟ ಕಟ್ಟು ಹರಿಯಿತು. ಹೆಚ್ಚು ಆವಿ ಬೇಕಾದರೆ ದ್ರವಕ್ಕೆ ತಾಗುವ ಲೋಹದ ಮೈ ಹೆಚ್ಚಬೇಕು. ಮೈ ಹೆಚ್ಚಲೆಂದು ದಪ್ಪ ತಂತಿ ತಂದರೆ ಅದು ಕಾಯಲು ಹೊತ್ತು ಹಿಡಿಯುತ್ತದೆ. ವಿಲಕ್ಷಣ ಕಾಯಿಲುಗಳೆಲ್ಲ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. ಎರಡು ತಂತಿ ಜೊತೆಜೊತೆಗೆ ಸುತ್ತಿದರು, ಎರಡನ್ನು ಹಗ್ಗದಂತೆ ಹೊಸೆದರು, ಚಪ್ಪಟೆ ಪಟ್ಟಿ ತಂದರು. ನಮ್ಮ ಸೀಲಿಂಗ್ ಮಷಿನ್ನಿನ ಪಟ್ಟಿಯ ತಮ್ಮನೇ ಅದು. ಗಿಟಾರಿನ ದಪ್ಪ ತಂತಿಯ ಮಾದರಿಯಲ್ಲಿ ಒಂದು ಗಟ್ಟಿ ತಂತಿಯ ಮೇಲೆ ಕೂದಲೆಳೆಯಂಥ ತಂತಿಯನ್ನು ಒತ್ತೊತ್ತಾಗಿ ಸುತ್ತಿ, ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಹೆಸರಿಟ್ಟರು. ಸುತ್ತುಗಳ ನಡುವಿನ ಸಣ್ಣ ಗೆರೆಗಳಲ್ಲಿ ದ್ರವ ನಿಂತು ಆವಿಯಾಗುವುದು ಇದರ ಗುಟ್ಟು. ಒಂದರ ಬದಲು ಎರಡು ಮೂರು ಒಳತಂತಿ ಇಟ್ಟರೆ ಫ್ಯೂಸ್ಡ್ ಕ್ಲಾಪ್ಟನ್. ಸುತ್ತಿದ್ದ ಹೊರತಂತಿಯನ್ನು ಒಳತಂತಿಯಿಂದ ಕಳಚಿ, ಎಳೆದು ಸ್ಪ್ರಿಂಗಿನಂತೆ ಮಾಡಿ, ಮತ್ತೆ ಹಲವು ತಂತಿಗಳ ಮೇಲೆ ಸುತ್ತಿ ಅಲೆಯಲೆಯಾಗಿ ಕಾಣುವಂತೆ ಮಾಡಿದ್ದು ಏಲಿಯನ್. ಚಪ್ಪಟೆ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಸುತ್ತಿದ್ದು ಸ್ಟೇಪಲ್. ಡ್ರಿಲ್ ಮಷಿನ್ನಿನ ಬಾಯಿಗೆ ತಂತಿಯ ಒಂದು ತುದಿ, ಮೀನುಗಾರರ ಗಾಳದ ಸ್ವಿವೆಲ್ಲಿಗೆ ಇನ್ನೊಂದು ತುದಿ ಸಿಕ್ಕಿಸಿ ಸುತ್ತುವುದು ಆ ಕಸುಬಿನ ರೂಢಿ. ಸುಟ್ಟ ಮೋಟಾರಿಗೆ ತಾಮ್ರ ಸುತ್ತುವ ರಾಣೆಬೆನ್ನೂರಿನ ರೀವೈಂಡಿಂಗ್ ಕೆಲಸದವರಿಗೆ ಈ ಕೈಚಳಕದಲ್ಲಿ ಅಚ್ಚರಿಯೇನೂ ಕಾಣದು. ಗುರಿಯಲ್ಲಿ ಮಾತ್ರ ನಗು ಬರಬಹುದು: ಪಂಪ್‌ಸೆಟ್ಟಿನ ಕಾಯಿಲ್ ಕಾಯದಿರಲೆಂದು ಅವರ ಹೆಣಗಾಟ, ಕಾಯಲೆಂದೇ ಇವರದು.

ನನ್ನ ಲೆಕ್ಕದಲ್ಲಿ ಈ ವಿಚಿತ್ರ ಕಾಯಿಲುಗಳಲ್ಲಿ ಅರ್ಧದಷ್ಟು ಬರೀ ಕಸೂತಿ. ಸೂಕ್ಷ್ಮದರ್ಶಕದಡಿ ಚೆಂದ ಕಾಣುತ್ತಿದ್ದವು, ಕಾಯಲು ಮೂರು ಸೆಕೆಂಡು ಹಿಡಿಯುತ್ತಿದ್ದವು, ಬ್ಯಾಟರಿಯನ್ನು ನೆಕ್ಕಿ ಮುಗಿಸುತ್ತಿದ್ದವು. ದೊಡ್ಡ ಮೋಡ ಬಿಡುವ ಪೈಪೋಟಿಯಲ್ಲಿ ರೋಧವನ್ನು ಹತ್ತನೇ ಒಂದು ಓಮಿಗೆ ಇಳಿಸಿದವರಿದ್ದರು. 4.2 ವೋಲ್ಟಿಗೆ ಅದು 42 ಆಂಪಿಯರ್. 20-30 ಆಂಪಿಯರಿಗೆ ತಯಾರಾದ ಸೆಲ್ ಆ ಹೊರೆಗೆ ಬಿಸಿಯಾಗಿ ಸಿಡಿಯುವುದು ಆಶ್ಚರ್ಯವಲ್ಲ. ಮುಖಕ್ಕೆ, ತೊಡೆಗೆ ಗಾಯವಾದ ಪ್ರಕರಣಗಳು ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ದಾಖಲಾದವು.

ಗಂಭೀರವಾದ ಹೆಜ್ಜೆ ಬಂದದ್ದು ಬೇರೆ ದಿಕ್ಕಿನಿಂದ. 2014ರಲ್ಲಿ ಅಮೆರಿಕದ ಎವಾಲ್ವ್ ಕಂಪನಿ ತಾಪಮಾನ ನಿಯಂತ್ರಿಸುವ ಚಿಪ್ ತಂದಿತು. ಬಿಸಿಯಾದಂತೆ ಲೋಹದ ರೋಧ ಏರುತ್ತದೆ. ಎಷ್ಟು ಏರಿತೆಂದು ಅಳೆದರೆ ಥರ್ಮಾಮೀಟರ್ ಇಲ್ಲದೆಯೂ ತಂತಿಯ ಬಿಸಿ ಗೊತ್ತಾಗುತ್ತದೆ. ಅಪ್ಪಟ ನಿಕ್ಕಲ್ ತಂತಿ 200 ಡಿಗ್ರಿ ಏರುವಷ್ಟರಲ್ಲಿ ರೋಧ ಎರಡು ಪಟ್ಟು ದಾಟುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದು ನೂರಕ್ಕೆ ಹದಿನೆಂಟರಷ್ಟು ಏರುತ್ತದೆ, ಕಾಂಥಾಲ್ ಹೆಚ್ಚುಕಡಿಮೆ ಅಲ್ಲಾಡುವುದೇ ಇಲ್ಲ. ಒಲೆಗೆ ಕಾಂಥಾಲಿನ ಸ್ಥಿರತೆ ಗುಣವಾದರೆ ಇಲ್ಲಿ ಅದೇ ದೋಷವಾಯಿತು. ನಿಕ್ಕಲ್, ಟೈಟೇನಿಯಂ, ಸ್ಟೀಲ್ ತಂತಿಗಳು ಹೀಗೆ ಚಾಲ್ತಿಗೆ ಬಂದವು. ಟೈಟೇನಿಯಂ ಕೆಂಪಗೆ ಕಾದರೆ ಮೈಮೇಲೆ ಬಿಳಿ ಆಕ್ಸೈಡ್ ಪುಡಿ ಕಟ್ಟುವ ಅಂಜಿಕೆ ಇದ್ದುದರಿಂದ ಕೊನೆಗೆ ಉಳಿದದ್ದು ಸ್ಟೀಲೇ.

ಬತ್ತಿಯ ಕಥೆ ಹಾವೇರಿಯವರಿಗೆ ಹತ್ತಿರದ್ದು. ಮೊದಲು ಸಿಲಿಕಾ ಎಳೆ, ಉಕ್ಕಿನ ಜಾಲರಿ ಎಲ್ಲ ನಡೆಯಿತು; ಕಡೆಗೆ ಎಲ್ಲರೂ ಅರಳೆಗೇ ಬಂದರು. ದ್ರವ ಹೀರುವುದರಲ್ಲಿ, ರುಚಿ ಕೆಡಿಸದಿರುವುದರಲ್ಲಿ ಹತ್ತಿಯನ್ನು ಮೀರಿದ್ದು ಸಿಗಲಿಲ್ಲ. ಜಪಾನಿನ ಅರಳೆ ಹಾಳೆಗೆ ಅಂದು ಹೆಚ್ಚಿನ ಬೆಲೆ. ಧಾರವಾಡದಲ್ಲಿ ಹತ್ತಿ ವಿಜ್ಞಾನಿ ಬಿ.ಎಚ್. ಕತ್ತರಕಿ 1972ರಲ್ಲಿ ಕೊಟ್ಟ ವರಲಕ್ಷ್ಮಿ ಹೈಬ್ರಿಡ್ ಹತ್ತಿಯ ನೀಳ ಎಳೆಯನ್ನು ಕಂಡ ಸೀಮೆಗೆ ಆ ಬೆಲೆ ಅತಿಯೆನಿಸಬಹುದು. ಹತ್ತಿಗೆ ಒಂದೇ ಶತ್ರು, ಒಣಗುವುದು. ವೇಪ್ ದ್ರವದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿಗೆ, ಗ್ಲಿಸರಿನ್ 290 ಡಿಗ್ರಿಗೆ ಕುದಿಯುತ್ತವೆ. ತೇವ ಇರುವತನಕ ಕಾಯಿಲಿನ ಬಿಸಿ ಆ ಆಸುಪಾಸಿನಲ್ಲಿ ನಿಲ್ಲುತ್ತದೆ, ತೇವ ಮುಗಿದ ಕ್ಷಣ ಏರಿಬಿಡುತ್ತದೆ, ಬತ್ತಿ ಸುಟ್ಟು ಗಂಟಲು ಕತ್ತರಿಸುವಂಥ ಕಟುಹೊಗೆ ಬರುತ್ತದೆ.

ವಿಜ್ಞಾನಿಗಳ ದೊಡ್ಡ ಜಟಾಪಟಿ ನಡೆದದ್ದೂ ಇದರ ಮೇಲೆಯೇ. 2015ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಸಂಶೋಧಕರು 3.3 ವೋಲ್ಟಿನಲ್ಲಿ ಕಾಣದ ಫಾರ್ಮಾಲ್ಡಿಹೈಡ್ ಸಂಯುಕ್ತ 5 ವೋಲ್ಟಿನಲ್ಲಿ ಧಾರಾಳವಾಗಿ ಸಿಕ್ಕಿತೆಂದು ಬರೆದರು. ಗ್ರೀಸಿನ ಹೃದ್ರೋಗ ತಜ್ಞ ಕಾನ್‌ಸ್ಟಾಂಟಿನೋಸ್ ಫಾರ್ಸಲಿನೋಸ್, ಅಷ್ಟು ಒಣಗಿದ ಕಾಯಿಲಿನ ಹೊಗೆಯನ್ನು ಯಾವ ಮನುಷ್ಯನೂ ಎಳೆಯಲಾರ, ಯಂತ್ರ ಮಾತ್ರ ಎಳೆಯುತ್ತದೆ ಎಂದು ಅದೇ ವರ್ಷ ವಾದಿಸಿದ. ಇಬ್ಬರ ಮಾತೂ ಅವರವರ ಮಟ್ಟಿಗೆ ಸರಿಯಿತ್ತು. 2018ರ ಜಾನ್ಸ್ ಹಾಪ್‌ಕಿನ್ಸ್ ಅಧ್ಯಯನಕ್ಕೆ ಅಂಥ ಸುಲಭದ ಉತ್ತರ ಸಿಗಲಿಲ್ಲ. ಬಾಲ್ಟಿಮೋರಿನ 56 ಬಳಕೆದಾರರ ಸ್ವಂತ ಯಂತ್ರಗಳನ್ನು ತರಿಸಿ ನೋಡಿದಾಗ, ಬಾಟಲಿಯ ದ್ರವದಲ್ಲಿ ಅತ್ಯಲ್ಪವಾಗಿದ್ದ ಸೀಸ, ನಿಕ್ಕಲ್, ಕ್ರೋಮಿಯಂಗಳು ಕಾಯಿಲಿಗೆ ತಾಗಿದ ಮೇಲೆ ಹಲವು ಪಟ್ಟು ಏರಿದ್ದವು. ಕಾಯಿಲನ್ನು ಆಗಾಗ ಬದಲಿಸುವವರಲ್ಲಿ ಲೋಹದ ಪ್ರಮಾಣ ಇನ್ನೂ ಹೆಚ್ಚು ಕಂಡಿತು. ಹೊಸ ತಂತಿ ಶುದ್ಧ ಎಂಬ ಹವ್ಯಾಸಿಗಳ ನಂಬಿಕೆಗೆ ಬಿದ್ದ ಪೆಟ್ಟು ಅದು.

ರುಚಿದ್ರವ್ಯಗಳ ವಿಷಯಕ್ಕೆ ಬ್ಯಾಡಗಿಗಿಂತ ಒಳ್ಳೆಯ ಪಾಠಶಾಲೆ ಬೇಡ. ಬಣ್ಣಕ್ಕೆ ಹೆಸರಾದ, ಖಾರ ಕಡಿಮೆಯೆನಿಸಿದ ಅಲ್ಲಿನ ಮೆಣಸಿನಕಾಯಿಯೇ ಒಗ್ಗರಣೆಯಲ್ಲಿ ಸೀದರೆ ಓಣಿಯೆಲ್ಲ ಕೆಮ್ಮುತ್ತದೆ. ಹೊಟ್ಟೆಗೆ ಹಿತವಾದದ್ದು ಎದೆಗೆ ಹಿತವೆಂದೇನಿಲ್ಲ. ದ್ರವ ಮಾರುವವರು ತಿನಿಸಿಗೆ ಒಪ್ಪಿಗೆಯಾದ ಸುವಾಸನೆ ಎಂದು ಜಾಹೀರಾತು ಕೊಡುತ್ತಿದ್ದರು. ಆ ಒಪ್ಪಿಗೆ ನುಂಗುವುದಕ್ಕಷ್ಟೇ, ಉಸಿರಾಡುವುದಕ್ಕಲ್ಲ ಎಂದು ಅಮೆರಿಕದ ಸುವಾಸನೆ ತಯಾರಕರ ಸಂಘವೇ ಸ್ಪಷ್ಟಪಡಿಸಬೇಕಾಯಿತು.

ಕರ್ನಾಟಕ 2016ರ ಜೂನಿನಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. ಕೇಂದ್ರದ ಸುಗ್ರೀವಾಜ್ಞೆ 2019ರ ಸೆಪ್ಟೆಂಬರ್ 18ರಂದು ಬಂತು, ಡಿಸೆಂಬರಿನಲ್ಲಿ ಕಾಯ್ದೆಯಾಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತಿಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ದಾಸ್ತಾನಿಗೆ ಆರು ತಿಂಗಳು, 50,000 ರೂಪಾಯಿವರೆಗೆ. ನಿಕೋಟಿನ್ ಇರಲಿ ಬಿಡಲಿ ಯಂತ್ರವೇ ಕಾಯ್ದೆಯೊಳಗೆ ಬರುತ್ತದೆ. ಆಗ ಅಮೆರಿಕದಲ್ಲಿ ವೇಪಿನಿಂದ ಶ್ವಾಸಕೋಶ ಹಾಳಾದವರ ಸುದ್ದಿ ದಿನವೂ ಬರುತ್ತಿತ್ತು. 2020ರ ಫೆಬ್ರವರಿ ಹೊತ್ತಿಗೆ ಅಲ್ಲಿ ಸತ್ತವರು 68. ಮುಖ್ಯ ಕಾರಣವೆಂದು ಕಂಡುಬಂದದ್ದು ಕಾಯಿಲಲ್ಲ, ಗಾಂಜಾ ಸಾರದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಬ್ರಿಟನ್ ಸಿಗರೇಟು ಬಿಡಿಸಲು ವೇಪನ್ನೇ ಕೊಡುತ್ತಿದೆಯಲ್ಲ ಎಂದು ನಮ್ಮ ನಿಷೇಧವನ್ನು ಟೀಕಿಸುವವರಿದ್ದಾರೆ. ಬೀಡಿ, ಸಿಗರೇಟು ಗೂಡಂಗಡಿಯಲ್ಲಿ ತೂಗಾಡುತ್ತಿರುವಾಗ ಇದೊಂದಕ್ಕೆ ಬಾಗಿಲು ಹಾಕಿದ್ದರಲ್ಲಿ ಅಸಂಗತಿ ಇದೆ, ನಿಜ. ಆದರೆ 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ಇ-ಸಿಗರೇಟು ಸೇದುತ್ತಿದ್ದವರು ನೂರಕ್ಕೆ 0.02 ಮಾತ್ರ. ಇಲ್ಲದ ಚಟವನ್ನು ಹುಟ್ಟುವ ಮೊದಲೇ ತಡೆಯುವುದು ಸುಲಭ ಎಂಬ ಲೆಕ್ಕ ನನಗೆ ತಪ್ಪೆನಿಸುವುದಿಲ್ಲ.

ಬಾಗಿಲು ಹಾಕಿದರೂ ಸಂದಿಯಿಂದ ನುಸುಳುತ್ತಿದೆ. 2022ರ ಸೆಪ್ಟೆಂಬರಿನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಸುಮಾರು ಎರಡು ಲಕ್ಷ ಇ-ಸಿಗರೇಟುಗಳು ಸಿಕ್ಕಿಬಿದ್ದವು. ಹಾಗೆ ಬರುತ್ತಿರುವುದರಲ್ಲಿ ಹೆಚ್ಚಿನವು ಸೇದಿ ಬಿಸಾಡುವ ಬಗೆಯವು. ಅವುಗಳ ಒಳಗೆ ಸಾಮಾನ್ಯವಾಗಿ ಇರುವುದು ಸುತ್ತಿದ ತಂತಿಯಲ್ಲ, ಸಣ್ಣ ರಂಧ್ರಗಳ ಲೋಹದ ಜಾಲರಿ. ಬೇಗ ಕಾಯುತ್ತದೆ, ಎಲ್ಲೆಡೆ ಸಮನಾಗಿ ಕಾಯುತ್ತದೆ. ಹವ್ಯಾಸಿಗಳು ವರ್ಷಗಟ್ಟಲೆ ಬೆನ್ನಟ್ಟಿದ ಇಕ್ಕಟ್ಟಿಗೆ ಕಾರ್ಖಾನೆ ಕೊಟ್ಟ ಉತ್ತರ ಇದು, ಡ್ರಿಲ್ ಮಷಿನ್ ಹಿಡಿದವರ ಕಸೂತಿಯನ್ನು ಮೂಲೆಗೆ ತಳ್ಳಿದ್ದೂ ಇದೇ. ಆದರೆ ಡಬ್ಬಿ ಬಿಚ್ಚಲಾಗದು. ಜಾಲರಿ ಯಾವ ಲೋಹದ್ದು, ಬತ್ತಿ ಸುಟ್ಟಿದೆಯೇ ಎಂದು ಸೇದುವವನಿಗೆ ನೋಡುವ ದಾರಿಯಿಲ್ಲ. ಬ್ರಿಟನ್ 2025ರ ಜೂನ್ 1ರಿಂದ ಬಿಸಾಡುವ ವೇಪುಗಳ ಮಾರಾಟ ನಿಲ್ಲಿಸಿದೆ. ಅಲ್ಲಿ ಇನ್ನು ಮಾರುವ ಯಂತ್ರ ಮತ್ತೆ ಚಾರ್ಜ್ ಆಗಬೇಕು, ಮತ್ತೆ ತುಂಬಿಸುವಂತಿರಬೇಕು, ಅದರ ಕಾಯಿಲ್ ಬದಲಿಸುವಂತಿರಬೇಕು.