ಟಾಸ್ಮೇನಿಯದ ಸರೋವರಗಳಿಗೆ ಟ್ರೌಟ್ ಮೀನು ಬಂದ ಬಗೆ

ಟಾಸ್ಮೇನಿಯ ದ್ವೀಪದ ನಡುವಣ ಎತ್ತರದ ಪ್ರದೇಶದಲ್ಲಿ ‘ಗ್ರೇಟ್ ಲೇಕ್’ ಎಂಬ ಸರೋವರವಿದೆ. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಆ ನಾಡಿನಲ್ಲಿ ವಸಂತವು ಸೆಪ್ಟೆಂಬರಿನಲ್ಲಿ ಮೊದಲಾಗುತ್ತದೆ. ಆಗಿನ ಮುಂಜಾನೆಗಳಲ್ಲಿ ದಡದ ಕಲ್ಲುಗಳ ನಡುವೆ ನಿಂತು ಟ್ರೌಟ್ ಮೀನಿಗಾಗಿ ಗಾಳವನ್ನೆಸೆಯುವವರನ್ನು ಅಲ್ಲಿ ಕಾಣಬಹುದು. ಆ ನೀರೂ ಆ ಮೀನೂ ಅನಾದಿಯಿಂದ ಒಂದುಗೂಡಿ ಬಂದುವೆಂದು ನೋಡಿದವರಿಗೆ ತೋರುವುದು ಸಹಜ. ಆದರೆ ೧೮೬೪ಕ್ಕೆ ಮುಂಚೆ ಟಾಸ್ಮೇನಿಯದ ಯಾವ ಹೊಳೆಯಲ್ಲಿಯೂ ಯಾವ ಸರೋವರದಲ್ಲಿಯೂ ಟ್ರೌಟ್ ಇರಲಿಲ್ಲ. ಅದನ್ನು ತಂದವರ ಮುಖ್ಯೋದ್ದೇಶವೂ ಟ್ರೌಟ್ ಆಗಿರಲಿಲ್ಲ. ಇವೆರಡು ಸಂಗತಿಗಳು ಹೇಗೆ ಹೊಂದಿಕೊಂಡುವೆಂಬುದು ವಿಚಾರಣೀಯವಾಗಿದೆ.

ಕಂದುಬಣ್ಣದ ಟ್ರೌಟಿನ ತವರು ಯುರೋಪು ಮತ್ತು ಪಶ್ಚಿಮ ಏಷ್ಯದ ತಣ್ಣೀರು. ಶರತ್ಕಾಲದ ಕೊನೆಯಿಂದ ಚಳಿಗಾಲದವರೆಗೆ ಅದು ಹರಿಯುವ ನೀರಿನ ತಳದ ನೊರಜುಗಲ್ಲುಗಳಲ್ಲಿ ತತ್ತಿಯಿಡುತ್ತದೆ. ಹಾಯಿಹಡಗುಗಳ ಕಾಲದಲ್ಲಿ ಇಂತಹ ಮೀನನ್ನು ಜೀವಸಹಿತ ಉಷ್ಣವಲಯವನ್ನು ದಾಟಿಸುವುದು ಅಸಾಧ್ಯವೆನಿಸಿತ್ತು. ತತ್ತಿಯನ್ನೊಯ್ಯುವುದೊಂದೇ ಉಳಿದ ಮಾರ್ಗ. ತತ್ತಿಯನ್ನು ಕೈಯಿಂದಲೇ ಹಿಂಡಿ ಫಲಗೊಳಿಸುವ ಕ್ರಮವನ್ನು ಜರ್ಮನಿಯ ಯಾಕೋಬಿ ಎಂಬವನು ೧೭೬೩ರಲ್ಲಿ ಪ್ರಕಟಿಸಿದ್ದನು. ೧೮೪೦ರ ದಶಕದಲ್ಲಿ ಫ್ರಾನ್ಸಿನ ವೋಜ್ ಬೆಟ್ಟಗಳಲ್ಲಿ ರೆಮಿ ಮತ್ತು ಜೆಹಾಂ ಎಂಬವರು ಇದೇ ಕೆಲಸವನ್ನು ಮಾಡಿ ತೋರಿಸಿದರು. ಹೀಗಾಗಿ ತತ್ತಿಯನ್ನು ಒದಗಿಸಿಕೊಳ್ಳುವುದು ಕಷ್ಟವಾಗಿರಲಿಲ್ಲ. ಅದನ್ನು ಸುಮಾರು ಮೂರು ತಿಂಗಳು ತಂಪಾಗಿಟ್ಟು, ದಾರಿಯಲ್ಲಿಯೇ ಒಡೆಯದಂತೆಯೂ ಕೊಳೆಯದಂತೆಯೂ ಕಾಯುವುದೇ ನಿಜವಾದ ಕಷ್ಟ.

ಇಂಗ್ಲೆಂಡಿನಿಂದ ಬಂದು ನೆಲಸಿದವರು ಬಯಸಿದ್ದುದು ಸಾಲ್ಮನ್ ಮೀನನ್ನು. ಅದು ಸಮುದ್ರದಲ್ಲಿ ಬೆಳೆದು, ತತ್ತಿಯಿಡಲು ಹುಟ್ಟಿದ ಹೊಳೆಗೇ ಹಿಂದಿರುಗುವ ದೊಡ್ಡ ಮೀನು. ಆಹಾರಕ್ಕೂ ವ್ಯಾಪಾರಕ್ಕೂ ಬೆಲೆಯುಳ್ಳದ್ದು. ೧೮೫೨ರಲ್ಲಿ ‘ಕೊಲಂಬಸ್’ ಎಂಬ ಹಡಗಿನಲ್ಲಿ ಕಳುಹಿಸಿದ ತತ್ತಿಗಳು ನಾಶವಾದುವು. ಟಾಸ್ಮೇನಿಯದಲ್ಲಿ ಭೂಮಿಯನ್ನು ಹೊಂದಿದ್ದು ಲಂಡನ್ನಿನಲ್ಲಿ ನೆಲಸಿದ್ದ ಜೇಮ್ಸ್ ಆರ್ನ್‌ಡೆಲ್ ಯೂಲ್ ಎಂಬವನು ಬಳಿಕ ಈ ಕಾರ್ಯವನ್ನು ಕೈಗೊಂಡನು. ೧೮೬೦ರಲ್ಲಿ ‘ಎಸ್. ಕರ್ಲಿಂಗ್’ ಹಡಗಿನಲ್ಲಿಯೂ ೧೮೬೨ರಲ್ಲಿ ‘ಬ್ಯೂಟಿಫುಲ್ ಸ್ಟಾರ್’ ಹಡಗಿನಲ್ಲಿಯೂ ಅವನು ಮಾಡಿದ ಯತ್ನಗಳಲ್ಲಿ ಮಂಜುಗಡ್ಡೆಯು ಕರಗಿಹೋಗಿ ತತ್ತಿಗಳು ಸತ್ತುವು.

ಆದರೂ ಎರಡನೆಯ ಸೋಲು ಬರಿಯ ಸೋಲಾಗಿರಲಿಲ್ಲ. ಹರಿಯುವ ನೀರಿನ ತಟ್ಟೆಗಳಲ್ಲಿ ಜೋಪಾನಮಾಡಿದ್ದ ತತ್ತಿಗಳಿಗಿಂತ, ಪಾಚಿಯಲ್ಲಿ ಸುತ್ತಿ ಮಂಜುಗಡ್ಡೆಯ ನಡುವೆ ಇಟ್ಟಿದ್ದ ಸಣ್ಣ ಪೆಟ್ಟಿಗೆಯೊಂದರಲ್ಲಿನ ತತ್ತಿಗಳು ಹೆಚ್ಚು ಕಾಲ ಬದುಕಿದುವೆಂದು ಕಂಡುಬಂದಿತು. ಈ ಸುಳಿವನ್ನು ಹಿಡಿದು ಲಂಡನ್ನಿನ ವೆನ್‌ಹಾಮ್ ಲೇಕ್ ಮಂಜುಗಡ್ಡೆ ಕಂಪೆನಿಯ ಉಗ್ರಾಣದಲ್ಲಿ ಪರೀಕ್ಷೆಗಳು ನಡೆದುವು. ಹರಿಯುವ ನೀರು ಬೇಕಾಗಿಲ್ಲ, ತೇವವೂ ಗಾಳಿಯೂ ಶೈತ್ಯವೂ ಸಾಕು ಎಂಬುದು ಅಲ್ಲಿ ದೃಢಪಟ್ಟಿತು.

೧೮೬೪ನೆಯ ಜನವರಿಯಲ್ಲಿ ‘ನಾರ್ಫೋಕ್’ ಎಂಬ ಹಡಗು ಲಂಡನ್ನಿನಿಂದ ಹೊರಟಿತು. ತತ್ತಿಗಳನ್ನು ಇದ್ದಿಲು, ಪಾಚಿ, ಮಂಜುಗಡ್ಡೆಗಳೊಡನೆ ಮರದ ಪೆಟ್ಟಿಗೆಗಳಲ್ಲಿ ತುಂಬಿ ಮಂಜುಗಡ್ಡೆಯ ಕೋಣೆಯಲ್ಲಿಡಲಾಗಿತ್ತು. ಅವುಗಳಲ್ಲಿ ಲಕ್ಷದ ಸುಮಾರಿನವು ಸಾಲ್ಮನ್ ತತ್ತಿಗಳು. ಫ್ರಾಂಕ್ ಬಕ್‌ಲೆಂಡ್, ಫ್ರಾನ್ಸಿಸ್ ಫ್ರಾನ್ಸಿಸ್ ಎಂಬವರು ಒದಗಿಸಿದ ಸುಮಾರು ೩೦೦೦ ಟ್ರೌಟ್ ತತ್ತಿಗಳು ಅವುಗಳ ಜೊತೆಗೆ ಸೇರಿದುವು. ಹಡಗು ಏಪ್ರಿಲ್ ನಡುವೆ ಮೆಲ್ಬರ್ನ್ ಬಂದರನ್ನು ಮುಟ್ಟಿತು. ಅಲ್ಲಿಂದ ಪೆಟ್ಟಿಗೆಗಳನ್ನು ಬೇರೊಂದು ಹಡಗಿನಲ್ಲಿ ಹೋಬಾರ್ಟಿಗೆ ಸಾಗಿಸಿ, ಡರ್ವೆಂಟ್ ನದಿಯ ಮೇಲ್ಗಡೆ, ಪ್ಲೆಂಟಿ ಎಂಬ ಉಪನದಿಯ ಬಳಿ ಸಿದ್ಧಪಡಿಸಿದ್ದ ಕೊಳಗಳಿಗೆ ಒಯ್ದರು. ಮೇ ೪ರಂದು ಮೊದಲನೆಯ ಟ್ರೌಟ್ ಮರಿ ಹೊರಬಂದಿತು. ಒಟ್ಟು ಉಳಿದ ಟ್ರೌಟ್ ಮರಿಗಳು ಸುಮಾರು ಮುನ್ನೂರು ಮಾತ್ರ.

ಸಾಲ್ಮನ್ ಮರಿಗಳು ಸಾವಿರಗಟ್ಟಲೆ ಹುಟ್ಟಿದುವು. ೧೮೬೫ರಲ್ಲಿ ಅವನ್ನು ಡರ್ವೆಂಟ್ ನದಿಗೆ ಬಿಡಲಾಯಿತು. ಅವು ಸಮುದ್ರಕ್ಕಿಳಿದು ಮತ್ತೆ ಬರಲಿಲ್ಲ. ಮುಂದಿನ ದಶಕಗಳಲ್ಲಿ ಮತ್ತೆ ಮತ್ತೆ ತರಿಸಿದರೂ ಫಲ ಅಷ್ಟೇ. ಟ್ರೌಟಾದರೋ ಸಿಹಿನೀರಿನಲ್ಲಿಯೇ ಬಾಳಬಲ್ಲದು, ಬಾಳಿತು. ೧೮೬೬ರ ಚಳಿಗಾಲದಲ್ಲಿ ಕೊಳದ ಟ್ರೌಟುಗಳು ತತ್ತಿಯಿಟ್ಟುವು. ಇಂಗ್ಲೆಂಡಿನಲ್ಲಿ ಅವುಗಳ ಪೂರ್ವಜರು ನವೆಂಬರ್ ಡಿಸೆಂಬರುಗಳಲ್ಲಿ ಮಾಡುತ್ತಿದ್ದ ಕೆಲಸವನ್ನು ಇವು ವರ್ಷದ ಮಧ್ಯದಲ್ಲಿ ಮಾಡಿದುವು. ಎರಡೇ ವರ್ಷಗಳಲ್ಲಿ ಒಂದು ಜೀವಜಾತಿಯ ಪಂಚಾಂಗವೇ ತಿರುಗಿತು. ೧೮೬೭ರಲ್ಲಿ ನ್ಯೂಜಿಲೆಂಡಿಗೂ ೧೮೭೦ರಲ್ಲಿ ಗ್ರೇಟ್ ಲೇಕಿಗೂ ಇದೇ ಸಂತತಿಯು ಹೋಯಿತು.

ಭಾರತದಲ್ಲಿಯೂ ಇದಕ್ಕೆ ಸಮಾನವಾದ ಪ್ರಯತ್ನಗಳು ನಡೆದುವು. ನೀಲಗಿರಿಗೆ ಟ್ರೌಟನ್ನು ತರಲು ಡಾಕ್ಟರ್ ಫ್ರಾನ್ಸಿಸ್ ಡೇ ೧೮೬೦ರ ದಶಕದಲ್ಲಿ ಮಾಡಿದ ಯತ್ನವು ನಿಷ್ಫಲವಾಯಿತು. ಕಾಶ್ಮೀರಕ್ಕೆ ೧೮೯೯ರಲ್ಲಿ ಕಳುಹಿಸಿದ ತತ್ತಿಗಳು ಕೆಟ್ಟು, ೧೯೦೦ರಲ್ಲಿ ಬಂದವು ಮಾತ್ರ ಉಳಿದುವು. ನೀಲಗಿರಿಯಲ್ಲಿ ಟ್ರೌಟ್ ನೆಲೆಗೊಂಡುದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಎಚ್. ಸಿ. ವಿಲ್ಸನ್ ಎಂಬವನ ಪ್ರಯತ್ನದಿಂದ.

ಈ ಜಯಕ್ಕೆ ಬೆಲೆ ತೆತ್ತವರು ಬೇರೆ. ಟಾಸ್ಮೇನಿಯದ ಸಿಹಿನೀರಿನಲ್ಲಿ ‘ಗ್ಯಾಲಾಕ್ಸಿಯಸ್’ ಎಂಬ ಕುಲದ, ಹುರುಪೆಯಿಲ್ಲದ ಸಣ್ಣ ಮೀನುಗಳು ಮೊದಲಿನಿಂದಲೂ ಇದ್ದುವು. ಟ್ರೌಟ್ ಅವನ್ನು ತಿಂದಿತು. ಅವುಗಳ ಆಹಾರವನ್ನೂ ಕಸಿಯಿತು. ಇವುಗಳಲ್ಲಿ ಕೆಲವು ಜಾತಿಗಳು ಟ್ರೌಟ್ ಹತ್ತಲಾರದ ಜಲಪಾತಗಳ ಮೇಲ್ಗಡೆಯಲ್ಲಿ ಮಾತ್ರ ಉಳಿದಿವೆ. ೧೯೭೨ರಲ್ಲಿ ಪೆಡ್ಡರ್ ಸರೋವರವು ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಮೇಲೆ ಅಲ್ಲಿಯದೇ ಆದ ಗ್ಯಾಲಾಕ್ಸಿಯಸ್ ತನ್ನ ಸ್ವಸ್ಥಾನದಲ್ಲಿ ಅಳಿಯಿತು. ಅದಕ್ಕೆ ಟ್ರೌಟೂ ಒಂದು ಕಾರಣ. ಆ ಜಾತಿಯು ಇಂದು ಉಳಿದಿರುವುದು ಮನುಷ್ಯರು ಬೇರೆಡೆಗೆ ಒಯ್ದು ಬಿಟ್ಟ ನೀರಿನಲ್ಲಿ ಮಾತ್ರ. ಟ್ರೌಟನ್ನು ತಂದ ಉಪಾಯವೇ ಅದರಿಂದ ನೊಂದ ಮೀನಿಗೂ ಶರಣಾಯಿತೆಂಬುದು ಗಮನಾರ್ಹ.

ಮೇಲಣ ಸಂಗತಿಗಳಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಸಂಕಲ್ಪಿಸಿದ ಮೀನು ಬಾರದೆ, ಜೊತೆಗೆ ಬಂದ ಮೀನು ನಾಡನ್ನಾಳಿತು. ಆದಕಾರಣ ಪ್ರವರ್ತಕರ ಉದ್ದೇಶವನ್ನು ಮಾತ್ರ ಬರೆದರೆ ಇತಿಹಾಸವು ಅಪೂರ್ಣವಾಗುತ್ತದೆ. ಎರಡನೆಯದಾಗಿ, ಸರೋವರವು ಬರಿಯ ಪ್ರಕೃತಿಯಲ್ಲ. ಅದರ ನೀರಿನಲ್ಲಿ ಹಡಗು, ಮಂಜುಗಡ್ಡೆ, ಪಾಚಿಯ ಪೆಟ್ಟಿಗೆಗಳ ಚರಿತ್ರೆಯೂ ಸೇರಿದೆ. ಇಲ್ಲವಾದ ಮೀನುಗಳ ಚರಿತ್ರೆಯೂ ಸೇರಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಬರೆಯಲಾಗದು.